ಬಿಗಿ ಯಾರಿಗೆ, ಸಡಿಲ ಯಾರಿಗೆ?

(ಹೆಬ್ರಿಯಲ್ಲಿ ನಡೆದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಇಲ್ಲಿಗೆ ಕರೆದಿದ್ದೀರಿ. ನಾನು ವಕೀಲೆಯಲ್ಲ, ಡಾಕ್ಟರೂ ಅಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು. ನನಗೆ ಗೊತ್ತಿರುವ ಕಸುಬೆಂದರೆ ಒಂದು ಮಾತನ್ನು ಹಿಡಿದು ಬಿಡಿಸಿ ನೋಡುವುದು. ಇಂದೂ ಅದನ್ನೇ ಮಾಡುತ್ತೇನೆ. ಇಂಗ್ಲಿಷಿನ ಒಂದೇ ಒಂದು ನುಡಿಗಟ್ಟನ್ನು ನಿಮ್ಮ ಮುಂದೆ ಇಡುತ್ತೇನೆ. ಇಂಗ್ಲಿಷ್ ಎಂದ ಕೂಡಲೇ ಹಿಂದಿನ ಸಾಲಿನವರು ಎದ್ದು ಹೋಗಬೇಡಿ. ಮಾತು ಇಂಗ್ಲಿಷಿನದಾದರೂ ಕಥೆ ನಮ್ಮದೇ.

ಆ ನುಡಿಗಟ್ಟು ‘ಪ್ಲೇ ಫಾಸ್ಟ್ ಆಂಡ್ ಲೂಸ್’. ‘ಅವನು ಅವಳ ಜೊತೆ ಫಾಸ್ಟ್ ಆಂಡ್ ಲೂಸ್ ಆಡಿದ’ ಎನ್ನುತ್ತಾರೆ. ಕೊಟ್ಟ ಮಾತು, ಒಬ್ಬರ ನಂಬಿಕೆ, ಸಂಬಂಧ, ಸತ್ಯ, ಕಾನೂನು ಇಂಥವುಗಳ ಜೊತೆ ಹೊಣೆಯಿಲ್ಲದೆ, ಮನಬಂದಂತೆ ನಡೆದುಕೊಳ್ಳುವುದು ಎಂದು ಇದರ ಅರ್ಥ. ನಿಘಂಟು ತೆಗೆದರೆ ‘ಬೇಜವಾಬ್ದಾರಿ’, ‘ಅಸಡ್ಡೆ’ ಎಂಬ ಮಾತುಗಳೇ ಸಿಗುತ್ತವೆ. ಆದರೆ ಈ ಮಾತು ಹುಟ್ಟಿದ ಕಥೆ ಕೇಳಿದರೆ, ಇದು ಬರೀ ಅಸಡ್ಡೆಯಲ್ಲ ಎಂದು ನಿಮಗೇ ತಿಳಿಯುತ್ತದೆ.

ಮೊದಲು ‘ಫಾಸ್ಟ್’ ಎಂಬ ಶಬ್ದವನ್ನು ನೋಡೋಣ. ಉಡುಪಿಯಿಂದ ಆಗುಂಬೆಗೆ ಹೋಗುವ ಬಸ್ಸು ‘ಫಾಸ್ಟ್ ಹೋಗ್ತದೆ’ ಎಂದರೆ ಬೇಗ ಎಂದರ್ಥ. ಸಂಕಷ್ಟಿಯ ದಿನ ಮಾಡುವ ಉಪವಾಸಕ್ಕೂ ಇಂಗ್ಲಿಷಿನಲ್ಲಿ ‘ಫಾಸ್ಟ್’ ಎನ್ನುತ್ತಾರೆ. ಮೂರನೆಯ ಅರ್ಥವೂ ನಿಮಗೆ ಗೊತ್ತಿದೆ. ಸೀರೆ ಅಂಗಡಿಗೆ ಹೋಗಿ ‘ಬಣ್ಣ ಹೋಗ್ತದಾ?’ ಎಂದು ಕೇಳಿದರೆ ಅಂಗಡಿಯವರು ‘ಇಲ್ಲಕ್ಕಾ, ಫಾಸ್ಟ್ ಕಲರ್’ ಎನ್ನುತ್ತಾರಲ್ಲ, ಅಲ್ಲಿ ಫಾಸ್ಟ್ ಎಂದರೆ ಗಟ್ಟಿಯಾಗಿ ಹಿಡಿದುಕೊಂಡದ್ದು, ಬಿಗಿಯಾದದ್ದು. ನಮ್ಮ ನುಡಿಗಟ್ಟಿನಲ್ಲಿ ಇರುವುದು ಈ ಮೂರನೆಯ ಅರ್ಥ. ‘ಲೂಸ್’ ಎಂದರೆ ಸಡಿಲ. ಅಂದರೆ ‘ಬಿಗಿ ಮತ್ತು ಸಡಿಲದ ಆಟ ಆಡುವುದು’.

ಹೌದು, ಇದು ನಿಜವಾಗಿಯೂ ಒಂದು ಆಟ. ನಾಲ್ಕೂವರೆ ನೂರು ವರ್ಷಗಳಿಗೂ ಹಿಂದೆ ಇಂಗ್ಲೆಂಡಿನ ಜಾತ್ರೆ, ಸಂತೆಗಳಲ್ಲಿ ದುಡ್ಡು ಕಟ್ಟಿಸಿಕೊಂಡು ಆಡಿಸುತ್ತಿದ್ದ ಮೋಸದ ಆಟ. ಅದನ್ನು ತೋರಿಸಲೆಂದೇ ಮೊಮ್ಮಗನ ಶಾಲೆಯ ಬೆಲ್ಟು ತಂದಿದ್ದೇನೆ. ನೋಡಿ, ಬೆಲ್ಟನ್ನು ನಡುವಿಗೆ ಮಡಚಿದೆ. ಮಡಚಿದ ಕಡೆಯಿಂದ ಚಾಪೆ ಸುತ್ತಿದ ಹಾಗೆ ಸುತ್ತಿ ಮೇಜಿನ ಮೇಲೆ ಅಂಚಿನಲ್ಲಿ ನಿಲ್ಲಿಸಿದೆ. ಮೇಲಿನಿಂದ ನೋಡಿದರೆ ನಡುವೆ ಎರಡು ಸುಳಿ ಕಾಣುತ್ತವೆ. ಒಂದು ನಿಜವಾದ ಮಡಿಕೆ, ಇನ್ನೊಂದು ಮಡಿಕೆಯ ಹಾಗೆ ಕಾಣುವ ಬರೀ ಸುತ್ತು. ಈಗ ಯಾರಾದರೊಬ್ಬರು ಬಂದು ಈ ಪೆನ್ಸಿಲನ್ನು ನಿಜವಾದ ಮಡಿಕೆಯೊಳಗೆ ಊರಿ ಹಿಡಿಯಿರಿ. ನಾನು ಎರಡು ತುದಿ ಹಿಡಿದು ಎಳೆಯುತ್ತೇನೆ. ಬೆಲ್ಟು ಪೆನ್ಸಿಲಿಗೆ ಸಿಕ್ಕಿಕೊಂಡರೆ ಅದು ‘ಬಿಗಿ’, ನೀವು ಗೆದ್ದಿರಿ. ಬಿಡಿಸಿಕೊಂಡು ಬಂದರೆ ‘ಸಡಿಲ’, ದುಡ್ಡು ನನ್ನದು.

ನೋಡಿದಿರಲ್ಲ? ಮೂರು ಸಲವೂ ಸಡಿಲವೇ ಆಯಿತು. ಇವರ ಕಣ್ಣು ಚುರುಕಾಗಿಯೇ ಇದೆ, ಸರಿಯಾದ ಸುಳಿಗೇ ಪೆನ್ಸಿಲ್ ಇಟ್ಟರು. ಗುಟ್ಟು ಇರುವುದು ನನ್ನ ಕೈಯಲ್ಲಿ. ತುದಿಗಳನ್ನು ಹಿಡಿಯುವಾಗ ಒಂದು ತುದಿಯ ಒಂದು ಸುತ್ತನ್ನು ಸದ್ದಿಲ್ಲದೆ ಬಿಟ್ಟುಬಿಟ್ಟರೆ ಒಳಗಿದ್ದದ್ದು ಹೊರಗಾಗುತ್ತದೆ. ಪೆನ್ಸಿಲ್ ಊರಿದ ಮೇಲೂ, ಅದು ಬಿಗಿಯೋ ಸಡಿಲವೋ ಎಂದು ತೀರ್ಮಾನಿಸುವವಳು ನಾನೇ. ಊರಿದವರಿಗೆ ಆಯ್ಕೆ ಇದ್ದಂತೆ ಕಾಣುತ್ತದೆ, ಇರುವುದಿಲ್ಲ. ಅಷ್ಟೇ ಅಲ್ಲ, ಸೋತ ಮೇಲೆ ನೋಡುವವರೂ ‘ನೀನು ಸರಿಯಾಗಿ ನೋಡಿ ಇಡಬೇಕಿತ್ತು’ ಎಂದು ಸೋತವರನ್ನೇ ಬೈಯುತ್ತಾರೆ.

ಈ ಮಾತು ಬಹಳ ಹಿಂದೆ ಅಚ್ಚಾದದ್ದು 1557ರಲ್ಲಿ, ಲಂಡನ್ನಿನ ಟಾಟೆಲ್ ಎಂಬ ಪ್ರಕಾಶಕ ಹೊರತಂದ ಕವನ ಸಂಗ್ರಹದಲ್ಲಿ. ಅಲ್ಲಿ ಇದು ಬರುವುದು ಹೊಸದಾಗಿ ಮದುವೆಯಾದ ಒಬ್ಬ ವಿದ್ಯಾರ್ಥಿಯ ಮೇಲಿನ ತಮಾಷೆಯ ಪದ್ಯದ ತಲೆಬರಹದಲ್ಲಿ. ಪಾಪ, ಹುಡುಗ ತನ್ನನ್ನು ತಾನೇ ಬಿಗಿಯಾಗಿ ಗಂಟು ಹಾಕಿಕೊಂಡು ಕೆಟ್ಟ ಎಂಬುದು ಅಲ್ಲಿನ ನಗೆ. ಅವನ ಹೆಂಡತಿಯ ಗತಿ ಏನಾಯಿತೆಂದು ಆ ಪದ್ಯ ಕೇಳುವುದಿಲ್ಲ. ಸುಮಾರು ಐವತ್ತು ವರ್ಷ ಕಳೆದು ಶೇಕ್ಸ್‌ಪಿಯರ್ ಬರೆದ ಆಂಟನಿ ಮತ್ತು ಕ್ಲಿಯೋಪಾತ್ರಾ ನಾಟಕದಲ್ಲಿ, ಯುದ್ಧದಲ್ಲಿ ಸೋತ ಆಂಟನಿ ಇದೇ ಆಟದ ಹೆಸರೆತ್ತಿ ಕ್ಲಿಯೋಪಾತ್ರಾಳನ್ನು ಮೋಸಗಾತಿ ಎಂದು ಬೈಯುತ್ತಾನೆ. ಇಂಗ್ಲೆಂಡಾಗಲಿ ಹೆಬ್ರಿಯಾಗಲಿ, ಗಂಟು ಬಿಚ್ಚಿಕೊಂಡಾಗ ಬೊಟ್ಟು ತೋರಿಸುವುದು ಹೆಣ್ಣಿನ ಕಡೆಗೆ!

ಈಗ ನಮ್ಮ ಕನ್ನಡಕ್ಕೆ ಬನ್ನಿ. ‘ಗಂಟು’ ಎಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥ. ಒಂದು, ಹಗ್ಗಕ್ಕೆ, ದಾರಕ್ಕೆ ಹಾಕುವ ಗಂಟು. ಮದುವೆಗೆ ಬ್ರಹ್ಮಗಂಟು, ಮೂರು ಗಂಟು ಎನ್ನುವುದು ಇದರಿಂದಲೇ. ಎರಡನೆಯದು, ದುಡ್ಡಿನ ಗಂಟು. ‘ಅವನ ಅಪ್ಪನ ಗಂಟೇನು ಹೋಗ್ತದೆ’ ಎನ್ನುವಾಗ ಇರುವ ಗಂಟು. ಹೆಣ್ಣಿನ ಮದುವೆಯಲ್ಲಿ ಈ ಎರಡು ಗಂಟುಗಳೂ ಒಟ್ಟಿಗೇ ಬರುತ್ತವೆ. ಮೊದಲನೆಯ ಗಂಟು ಅವಳ ಕುತ್ತಿಗೆಗೆ, ಎರಡನೆಯ ಗಂಟು ಅವರ ಕೈಗೆ. ಕುತ್ತಿಗೆಯ ಗಂಟು ಅವಳಿಗೆ ಬಿಗಿ. ಕೈಯಲ್ಲಿರುವ ಗಂಟಿನ ಲೆಕ್ಕ ಅವರಿಗೆ ಸಡಿಲ. ಈ ಆಟ ಹೇಗೆ ನಡೆಯುತ್ತದೆಂದು ಮದುವೆಯ ಮಾತುಕತೆಯಿಂದಲೇ ಶುರುಮಾಡಿ ನೋಡೋಣ.

ಈಗಿನ ಕಾಲದಲ್ಲಿ ಬಾಯಿ ಬಿಟ್ಟು ‘ಇಷ್ಟು ಲಕ್ಷ ಕೊಡಿ’ ಎನ್ನುವವರು ಕಡಿಮೆ. ಗಂಡಿನ ಕಡೆಯವರು ಚಾವಡಿಯಲ್ಲಿ ಕೂತು ಬೆಲ್ಲ ನೀರು ಕುಡಿದು, ‘ನಮಗೇನೂ ಬೇಡ, ದೇವರು ಕೊಟ್ಟದ್ದಿದೆ. ನಿಮ್ಮ ಮಗಳಿಗೆ ನೀವು ಏನು ಹಾಕ್ತೀರೋ ಹಾಕಿ. ನಾಲ್ಕು ಜನರ ಎದುರು ಮರ್ಯಾದೆಯಾಗಿ ಕಂಡರೆ ಸಾಕು’ ಎನ್ನುತ್ತಾರೆ. ಎಷ್ಟು ಸಡಿಲವಾದ ಮಾತು! ನಮ್ಮವರು ಅದನ್ನು ದೊಡ್ಡತನವೆಂದು ತಿಳಿಯುತ್ತಾರೆ. ಆದರೆ ‘ಮರ್ಯಾದೆಯಾಗಿ’ ಎಂದರೆ ಎಷ್ಟು ಪವನು? ದೊಡ್ಡ ಸೊಸೆ ತಂದಷ್ಟೋ, ಮುಂಬೈಯಲ್ಲಿರುವ ಭಾವನಿಗೆ ಸಿಕ್ಕಿದಷ್ಟೋ? ಅದನ್ನು ಅಂದು ಹೇಳುವುದಿಲ್ಲ. ಮದುವೆಯಾಗಿ ಎರಡು ತಿಂಗಳಿಗೆ ಹೇಳುತ್ತಾರೆ. ‘ನಾವು ಕೇಳಲಿಲ್ಲ ಅಂತ ನಿನ್ನ ಅಪ್ಪ ಹೀಗೆ ಮಾಡೋದಾ?’ ಅಂದು ಸಡಿಲವಾಗಿದ್ದ ಮಾತು ಇಂದು ಹುಡುಗಿಯ ಕುತ್ತಿಗೆಗೆ ಬಿಗಿಯುತ್ತದೆ. ನಾವು ಪೆನ್ಸಿಲ್ ಊರಿ ಆಗಿದೆ, ತುದಿ ಅವರ ಕೈಯಲ್ಲಿದೆ.

ಕಾನೂನಿನಲ್ಲಿಯೂ ಹಿಂದೆ ಇಂಥದ್ದೇ ಒಂದು ಸಡಿಲವಿತ್ತು. ವರದಕ್ಷಿಣೆ ನಿಷೇಧ ಕಾಯಿದೆಗೆ ಪಾರ್ಲಿಮೆಂಟಿನ ಎರಡು ಸದನಗಳಲ್ಲಿ ಒಮ್ಮತವಾಗದೆ, 1961ರ ಮೇ ತಿಂಗಳಲ್ಲಿ ಜಂಟಿ ಅಧಿವೇಶನ ಕರೆದು ಅದನ್ನು ಅಂಗೀಕರಿಸಬೇಕಾಯಿತು. ಸ್ವತಂತ್ರ ಭಾರತದಲ್ಲಿ ಸದನಗಳ ಅಂಥ ಜಂಟಿ ಅಧಿವೇಶನ ಅದೇ ಮೊದಲು. ಆಗ ಬಂದ ಕಾನೂನು, ಮದುವೆಗೆ ‘ಪ್ರತಿಫಲವಾಗಿ’ ಕೊಟ್ಟದ್ದು ಮಾತ್ರ ವರದಕ್ಷಿಣೆ ಎಂದಿತು. ‘ಪ್ರತಿಫಲವೆಂದು ಯಾರು ಕೊಟ್ಟರು, ಪ್ರೀತಿಯಿಂದ ಕೊಟ್ಟದ್ದು’ ಎಂದುಬಿಟ್ಟರೆ ಮುಗಿಯಿತು. ಮಹಿಳಾ ಸಂಘಟನೆಗಳು ಬೀದಿಗಿಳಿದು ಹೋರಾಡಿದ ಮೇಲೆ 1984 ಮತ್ತು 1986ರಲ್ಲಿ ತಿದ್ದುಪಡಿಗಳಾದವು. ಈಗ ಮದುವೆಯ ‘ಸಂಬಂಧದಲ್ಲಿ’, ಮದುವೆಗೆ ಮುಂಚೆ, ಮದುವೆಯ ದಿನ ಅಥವಾ ಆಮೇಲೆ ಯಾವಾಗಲಾದರೂ, ನೇರವಾಗಿಯೋ ಸುತ್ತಿಬಳಸಿಯೋ ಕೊಟ್ಟದ್ದು, ಕೊಡಲು ಒಪ್ಪಿದ್ದು ಎಲ್ಲವೂ ವರದಕ್ಷಿಣೆಯೇ. ಕೊಟ್ಟು ತೆಗೆದುಕೊಳ್ಳುವುದಕ್ಕೆ ಕನಿಷ್ಠ 5 ವರ್ಷ ಜೈಲು ಮತ್ತು ದಂಡ. ಬರೀ ಕೇಳುವುದಕ್ಕೇ 6 ತಿಂಗಳಿಂದ 2 ವರ್ಷದ ಶಿಕ್ಷೆ. ‘ಕೊಟ್ಟದ್ದೂ ತಪ್ಪಲ್ಲವಾ, ದೂರು ಕೊಟ್ಟರೆ ನಮ್ಮನ್ನೇ ಹಿಡಿಯುತ್ತಾರೆ’ ಎಂದು ಹೆದರಿಸುವವರಿದ್ದಾರೆ. ನೊಂದವರು ಕೊಟ್ಟ ಹೇಳಿಕೆಯನ್ನೇ ಹಿಡಿದು ಈ ಕಾಯಿದೆಯಡಿ ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂದು ಅದೇ ಕಾಯಿದೆಯ 7ನೆಯ ಕಲಮು ಹೇಳುತ್ತದೆ.

ಇನ್ನು ಚಿನ್ನದ ವಿಷಯ. ಒಂದೇ ಚಿನ್ನಕ್ಕೆ ನಮ್ಮಲ್ಲಿ ನಾಲ್ಕು ಹೆಸರು, ಲೆಕ್ಕ ಹಾಕಿ ನೋಡಿ. ಮದುವೆಯ ಹಾಲಿನಲ್ಲಿ ಅದು ‘ಉಡುಗೊರೆ’. ಗಂಡನ ಮನೆಗೆ ಹೋದ ಮೇಲೆ ‘ನಮ್ಮ ಮನೆಯದ್ದು’, ಅತ್ತೆಯ ಕಪಾಟಿಗೋ ಮಾವನ ಹೆಸರಿನ ಲಾಕರಿಗೋ ಹೋಗುತ್ತದೆ. ತವರಿನಲ್ಲಿ ಆಸ್ತಿ ಪಾಲಾಗುವ ದಿನ ಅದೇ ಚಿನ್ನ ‘ಅವಳ ಪಾಲು’ ಆಗುತ್ತದೆ. ‘ನಿನಗೆ ಮದುವೆಯಲ್ಲಿ ಕೊಟ್ಟಾಯ್ತಲ್ಲ, ಇಲ್ಲೊಂದು ಸಹಿ ಹಾಕು’ ಎನ್ನುತ್ತಾರೆ. ಕೊನೆಗೆ ಅವಳು ಪೊಲೀಸ್ ಠಾಣೆಗೆ ಹೋದ ದಿನ, ಅದೇ ಚಿನ್ನಕ್ಕೆ ‘ಏನೂ ತಂದಿಲ್ಲ’ ಎಂಬ ಹೆಸರು ಬರುತ್ತದೆ. ಚಿನ್ನ ಒಂದೇ. ಯಾರಿಗೆ ಯಾವಾಗ ಬೇಕೋ ಆಗ ಬಿಗಿ, ಬೇಡವಾದಾಗ ಸಡಿಲ. ಈ ನಾಲ್ಕು ಹೆಸರುಗಳಲ್ಲಿ ‘ಅವಳದು’ ಎಂಬ ಹೆಸರು ಮಾತ್ರ ಇಲ್ಲ.

ನನ್ನ ಒಬ್ಬಳು ಹಳೆಯ ವಿದ್ಯಾರ್ಥಿನಿಯ ಕಥೆ ಹೇಳುತ್ತೇನೆ. ಹೆಸರು, ಊರು ಹೇಳುವುದಿಲ್ಲ. ಮದುವೆಯ ಮರುದಿನವೇ ‘ಮನೆಯಲ್ಲಿ ಚಿನ್ನ ಇಡಬಾರದು, ಕಳ್ಳರ ಕಾಟ’ ಎಂದು ಅವಳ ಒಡವೆಗಳನ್ನು ಮಾವನ ಲಾಕರಿಗೆ ಹಾಕಿದರು. ಕಾಳಜಿ ಎಂದುಕೊಂಡಳು. ಆಮೇಲೆ ಬೈಗುಳ ಬಂತು, ಹೊಡೆತ ಬಂತು. ಬಾಣಂತನಕ್ಕೆ ತವರಿಗೆ ಬಂದವಳನ್ನು ಕರೆಯಲು ಯಾರೂ ಬರಲಿಲ್ಲ. ಮಗುವಿನ ಚಿಕಿತ್ಸೆಗೆಂದು ಎರಡು ಬಳೆ ಕೇಳಿದಾಗ ‘ನಿನ್ನದೇ, ಯಾರು ಇಲ್ಲ ಅಂದರು? ಬಾ, ಮನೆಗೆ ಬಂದು ತಗೊ’ ಎಂದರು. ಮಾತು ನ್ಯಾಯಾಲಯಕ್ಕೆ ಹೋದಾಗ ‘ಉಟ್ಟ ಸೀರೆಯಲ್ಲಿ ಬಂದವಳು’ ಎಂದುಬಿಟ್ಟರು. ಅವಳ ತಾಯಿ ಅಕ್ಷರ ಕಲಿತವರಲ್ಲ. ಆದರೆ ಚಿನ್ನದಂಗಡಿಯ ಬಿಲ್ಲುಗಳನ್ನು ಬಿಸ್ಕೆಟಿನ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದರು. ಮದುವೆಯ ಆಲ್ಬಮ್ಮೂ ಇತ್ತು. ಬಿಲ್ಲು ಇದ್ದಷ್ಟು ಒಡವೆ ಹಿಂದಕ್ಕೆ ಬಂತು. ಬಿಲ್ಲು ಇಲ್ಲದ್ದು ಬರಲಿಲ್ಲ. ಬಂದದ್ದರಲ್ಲಿ ಅವಳು ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕು ಶುರುಮಾಡಿದಳು. ಇಡೀ ಕುಟುಂಬದ ದೊಡ್ಡ ದೊಡ್ಡ ಮಾತುಗಳಿಗಿಂತ ಆ ತಾಯಿಯ ಬಿಸ್ಕೆಟ್ ಡಬ್ಬಿ ಗಟ್ಟಿಯಾಗಿತ್ತು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಹೆಣ್ಣಿಗೆ ಕೊಟ್ಟ ಒಡವೆ, ವಸ್ತು, ಹಣ ಅವಳ ಸ್ತ್ರೀಧನ. ಅದರ ಒಡತಿ ಅವಳೊಬ್ಬಳೇ. ಗಂಡನಾಗಲಿ ಅವನ ಮನೆಯವರಾಗಲಿ ಅದನ್ನು ಇಟ್ಟುಕೊಂಡರೆ ಬರೀ ಕಾಪಾಡುವವರು. ಹಿಂದಿರುಗಿಸದೆ ನುಂಗಿದರೆ ಅದು ನಂಬಿಕೆದ್ರೋಹದ ಅಪರಾಧ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿತು. ವರದಕ್ಷಿಣೆಯಾಗಿ ಬೇರೆಯವರ ಕೈಗೆ ಹೋದದ್ದನ್ನೂ 3 ತಿಂಗಳೊಳಗೆ ಅವಳಿಗೆ ಒಪ್ಪಿಸಬೇಕೆಂದು ವರದಕ್ಷಿಣೆ ಕಾಯಿದೆಯ 6ನೆಯ ಕಲಮು ಹೇಳುತ್ತದೆ. 2006ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ, ಹೆಂಡತಿಯ ಸ್ತ್ರೀಧನವನ್ನು ಅವಳಿಗೆ ಕೊಡದಿರುವುದನ್ನು, ಮಾರಿ ಹಾಕುವುದನ್ನು ಕೂಡ ಹಿಂಸೆಯೆಂದೇ ಕರೆಯುತ್ತದೆ. ಹೊಡೆತ ಮಾತ್ರ ಹಿಂಸೆಯಲ್ಲ. ಅದನ್ನು ವಾಪಸು ಕೊಡಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ಆ ಮನೆಯಲ್ಲಿ ವಾಸಿಸುವ ಹಕ್ಕೂ ಅವಳಿಗಿದೆ.

ತವರಿನ ಕಡೆಯನ್ನೂ ಬಿಡಬಾರದು. ಗಂಡನ ಮನೆಯವರನ್ನು ಮಾತ್ರ ಬೈದರೆ ಅರ್ಧ ಸತ್ಯವಾಗುತ್ತದೆ. ನಮ್ಮ ತುಳುನಾಡಿನಲ್ಲಿ ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಅಳಿಯಕಟ್ಟು ಇತ್ತು. ವಂಶ, ಆಸ್ತಿ ತಾಯಿಯ ಕಡೆಯಿಂದ ಬರುತ್ತಿತ್ತು. ಹೆಣ್ಣಿಗೆ ತನ್ನ ತರವಾಡು ಮನೆಯಲ್ಲಿ ಒಂದು ನೆಲೆ ಇತ್ತು. ಅಲ್ಲಿಯೂ ಯಜಮಾನಿಕೆ ಹೆಚ್ಚಾಗಿ ಗಂಡಸರ ಕೈಯಲ್ಲಿತ್ತು, ಅದನ್ನು ಸ್ವರ್ಗವೆಂದು ನಾನು ಹೇಳುವುದಿಲ್ಲ. ಆದರೆ ಗಂಡನ ಮನೆ ಬೇಡವಾದರೆ ಬಂದು ಕೂರಲು ಅವಳಿಗೊಂದು ಜಗಲಿ ಇತ್ತು. 1949ರ ಮದರಾಸ್ ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳ ನಂತರ ಆ ಕಟ್ಟು ಸಡಿಲವಾಯಿತು. ಇಂದು ಅದೇ ಕುಟುಂಬಗಳ ಮದುವೆಯ ಹಾಲುಗಳಲ್ಲಿಯೂ ಪವನಿನ ಲೆಕ್ಕ ನಡೆಯುತ್ತಿದೆ. ಹಳೆಯ ಕಟ್ಟಿನಲ್ಲಿ ಹೆಣ್ಣಿಗೆ ಅನುಕೂಲವಾಗಿದ್ದದ್ದನ್ನು ಬಿಟ್ಟೆವು, ಬೇರೆಯವರ ಕಟ್ಟಿನಲ್ಲಿ ಅವಳಿಗೆ ಭಾರವಾದದ್ದನ್ನು ತಂದುಕೊಂಡೆವು.

ಉಳಿದ ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕನ್ನು ಕರ್ನಾಟಕ 1994ರಲ್ಲಿಯೇ ತಿದ್ದುಪಡಿಯ ಮೂಲಕ ಕೊಟ್ಟಿತು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ‘ಮದುವೆಗೆ ಖರ್ಚು ಮಾಡಿದ್ದೇವೆ’ ಎಂದು ಅಣ್ಣತಮ್ಮಂದಿರು ಬಾಯಲ್ಲಿ ಹೇಳಿದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಓದದೆ ಸಹಿ ಹಾಕಿ ರಿಜಿಸ್ಟರ್ ಮಾಡಿಸಿಕೊಟ್ಟರೆ ಹೋಗಬಹುದು. ಆದ್ದರಿಂದ ‘ಅಣ್ಣ ಕೇಳಿದ, ಹಾಕಿದೆ’ ಎನ್ನುವ ಮುಂಚೆ ಆ ಕಾಗದವನ್ನು ಯಾರಿಂದಲಾದರೂ ಓದಿಸಿ ಕೇಳಿ.

ಈಗ ನಮ್ಮ ಸಂಘದ ಸಾಲದ ವಿಷಯ. ಇದು ಸ್ವಲ್ಪ ಖಾರವಾಗಬಹುದು. ಸಾಲದ ಅರ್ಜಿಯಲ್ಲಿ ಸಹಿ ಯಾರದು? ಅವಳದು. ವಾರವಾರ ಕಂತು ಕಟ್ಟುವವಳು ಯಾರು? ಬೀಡಿ ಕಟ್ಟಿ, ಗೇರುಬೀಜದ ಫ್ಯಾಕ್ಟರಿಗೆ ಹೋಗಿ, ಮಲ್ಲಿಗೆ ಕೊಯ್ದು ಕಟ್ಟುವವಳು ಅವಳು. ಆದರೆ ಹಣ ಹೋದದ್ದು ಎಲ್ಲಿಗೆ? ಕೆಲವು ಮನೆಗಳಲ್ಲಿ ಗಂಡನ ಬೈಕಿಗೆ, ಕುಡಿತದ ಬಾಕಿಗೆ, ಮಗಳಿಗೋ ನಾದಿನಿಗೋ ಕೊಡುವ ಚಿನ್ನಕ್ಕೆ. ಸಹಿ ಅವಳಿಗೆ ಬಿಗಿ, ಹಣ ಅವನಿಗೆ ಸಡಿಲ. ಕಂತು ತಪ್ಪಿದ ದಿನ ಗುಂಪಿನವರೆಲ್ಲ ಹೋಗಿ ನಿಲ್ಲುವುದು ಅವಳ ಬಾಗಿಲಿಗೆ. ನಮ್ಮನ್ನು ಮೇಲೆತ್ತಲು ಬಂದ ಸಾಲವೇ ಹೀಗೆ ವರದಕ್ಷಿಣೆಯ ಗಂಟಾಗಿ ಹೋದರೆ, ತುದಿ ಹಿಡಿದು ಎಳೆಯುವವರ ಸಾಲಿನಲ್ಲಿ ನಾವೂ ನಿಂತ ಹಾಗಾಗುತ್ತದೆ.

ಇಂಗ್ಲಿಷಿನಲ್ಲಿ ‘ಸತ್ಯದ ಜೊತೆ ಫಾಸ್ಟ್ ಆಂಡ್ ಲೂಸ್ ಆಡುವುದು’ ಎಂದೂ ಹೇಳುತ್ತಾರೆ. ಇದರ ಅತಿ ಕ್ರೂರ ಉದಾಹರಣೆ ನಮ್ಮ ರಾಜ್ಯದಲ್ಲಿಯೇ ಇದೆ. 1990ರ ದಶಕದಲ್ಲಿ ಬೆಂಗಳೂರಿನ ‘ವಿಮೋಚನಾ’ ಸಂಘಟನೆಯ ಹೆಂಗಸರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಹೋಗಿ, ಅಲ್ಲಿಗೆ ಬರುತ್ತಿದ್ದ ಯುವತಿಯರ ವಿಷಯ ಕಲೆಹಾಕತೊಡಗಿದರು. ಕಡತಗಳಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದದ್ದು ‘ಸ್ಟವ್ ಸಿಡಿದು’, ‘ಆಕಸ್ಮಿಕ’ ಎಂಬ ಮಾತುಗಳು. ಸ್ಟವ್ ಸಿಡಿಯುವುದಾದರೆ ಅದು ಅತ್ತೆಯ ಕೈಯಲ್ಲಿ, ಗಂಡನ ಕೈಯಲ್ಲಿ ಸಿಡಿಯದೆ ಹೊಸ ಸೊಸೆಯ ಕೈಯಲ್ಲಿ ಮಾತ್ರ ಯಾಕೆ ಸಿಡಿಯುತ್ತದೆ ಎಂದು ಚಳವಳಿಯ ಹೆಂಗಸರು ಕೇಳಿದರು. ಹಾಸಿಗೆಯ ಪಕ್ಕದಲ್ಲಿ ಗಂಡನ ಮನೆಯವರು ನಿಂತಿರುವಾಗ, ಮಕ್ಕಳ ಗತಿ ಏನೆಂದು ಹೆದರಿದ ಹುಡುಗಿ ‘ನನ್ನದೇ ಅಜಾಗ್ರತೆ’ ಎಂದು ಹೇಳಿಕೆ ಕೊಟ್ಟು ಕಣ್ಣು ಮುಚ್ಚುತ್ತಿದ್ದಳು. ಅವಳ ಸಾವಿನ ಹೊಣೆಯನ್ನೂ ಅವಳ ಅಜಾಗ್ರತೆಗೇ ಕಟ್ಟಿ ಕಳಿಸಿದರು.

ಆ ಗಂಟನ್ನು ಬಿಡಿಸಲೆಂದೇ ಕಾನೂನು ಬಂತು. ಹೆಂಡತಿಯ ಮೇಲಿನ ಕ್ರೌರ್ಯಕ್ಕೆ 1983ರಲ್ಲಿ, ವರದಕ್ಷಿಣೆ ಸಾವಿಗೆ 1986ರಲ್ಲಿ ಬೇರೆ ಕಲಮುಗಳು ಸೇರಿದವು. ಮದುವೆಯಾದ 7 ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತು, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ಪಟ್ಟಿದ್ದಳೆಂದು ಕಂಡರೆ, ತಾವು ಕಾರಣರಲ್ಲ ಎಂದು ತೋರಿಸಬೇಕಾದವರು ಅವರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ 498ಎ ಎಂಬ ಹಳೆಯ ಸಂಖ್ಯೆ ಹೋಗಿ, ಕ್ರೌರ್ಯಕ್ಕೆ 85 ಮತ್ತು 86, ವರದಕ್ಷಿಣೆ ಸಾವಿಗೆ 80ನೆಯ ಕಲಮು ಆಗಿದೆ. ‘498ಎ ಈಗ ಇಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಂಖ್ಯೆ ಬದಲಾಗಿದೆ, ಅಪರಾಧ ಹಾಗೆಯೇ ಇದೆ.

ಇಲ್ಲಿ ನನಗೆ ಬಹಳ ಮುಖ್ಯವೆನಿಸುವ ಮಾತು ಬರುತ್ತದೆ. ನಾವು ಹೆಂಗಸರೇ ಹಿಂಸೆಗೆ ಅಸಡ್ಡೆಯ ಹೆಸರು ಕೊಡುತ್ತೇವೆ. ‘ಅವರದ್ದು ಸ್ವಲ್ಪ ಉದಾಸೀನ’, ‘ಅವರಿಗೆ ನೆನಪಿರೋದಿಲ್ಲ’, ‘ಸಿಟ್ಟು ಬಂದಾಗ ಗೊತ್ತಾಗೋದಿಲ್ಲ, ಆಮೇಲೆ ಬೆಣ್ಣೆಯ ಹಾಗೆ’ ಎನ್ನುತ್ತೇವೆ. ಒಂದು ಪರೀಕ್ಷೆ ಮಾಡಿ ನೋಡಿ. ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನವನ್ನು ಮರೆಯುವ ಗಂಡ, ಅವಳ ಅಪ್ಪ ಕೊಡುತ್ತೇನೆಂದ ಬೈಕಿನ ಬಾಕಿಯನ್ನು ಮರೆಯುತ್ತಾನೆಯೇ? ಮನೆಯಲ್ಲಿ ಸಿಟ್ಟು ತಡೆಯಲಾರದವನು ತನ್ನ ಧಣಿಯ ಮುಂದೆ ತಡೆಯುವುದಿಲ್ಲವೇ? ಎಲ್ಲ ಕಡೆಯೂ ಮರೆಯುವವನದು ಮರೆವಿನ ರೋಗ. ಹೆಂಡತಿಯ ವಿಷಯದಲ್ಲಿ ಮಾತ್ರ ಮರೆಯುವವನು ತುದಿ ಹಿಡಿದು ಆಟ ಆಡುತ್ತಿದ್ದಾನೆ. ಇಂಗ್ಲಿಷಿನ ಈ ನುಡಿಗಟ್ಟು ನನಗೆ ಇಷ್ಟವಾಗುವುದು ಈ ಕಾರಣಕ್ಕೇ. ನಿಘಂಟು ಅಸಡ್ಡೆ ಎಂದರೂ, ಅದರ ಹೊಟ್ಟೆಯೊಳಗೆ ಒಬ್ಬ ಆಟಗಾರ, ಒಂದು ಲೆಕ್ಕ, ಒಬ್ಬರ ಸೋಲು ಇದೆ.

ಹಾಗಾದರೆ ನಾವೇನು ಮಾಡಬೇಕು? ಆಟದವನನ್ನು ಬೈದು ಕೂತರೆ ಸಾಲದು. ಗಂಟು ಎರಡು ಕಡೆಗೂ ಬಿಗಿಯಾಗುವಂತೆ ಹಾಕಲು ಕಲಿಯಬೇಕು.

ಮೊದಲನೆಯದಾಗಿ, ಮಾತುಕತೆಯ ದಿನ ‘ಏನೂ ಬೇಡ’ ಎಂದರೆ ‘ಸಂತೋಷ, ಹಾಗಾದರೆ ಅದನ್ನೇ ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕೋಣ’ ಎನ್ನಿ. ನಿಜವಾಗಿಯೂ ಬೇಡ ಎನ್ನುವವರು ಸಹಿ ಹಾಕಲು ಹಿಂಜರಿಯುವುದಿಲ್ಲ. ಹಿಂಜರಿದರೆ, ಮದುವೆಗೆ ಮುಂಚೆಯೇ ಗೊತ್ತಾದದ್ದು ನಿಮ್ಮ ಮಗಳ ಪುಣ್ಯ.

ಎರಡನೆಯದಾಗಿ, ಉಡುಗೊರೆಗಳ ಪಟ್ಟಿ ಬರೆಯಿರಿ. ಇದು ನನ್ನ ಕಲ್ಪನೆಯಲ್ಲ, 1985ರ ಸರಕಾರಿ ನಿಯಮ. ವಸ್ತು ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಸಂಬಂಧವೇನು ಎಂದು ಬರೆದು ಮದುಮಗಳು, ಮದುಮಗ ಇಬ್ಬರೂ ಸಹಿ ಹಾಕಬೇಕು. ಮದುಮಗಳಿಗೆ ಬಂದದ್ದರ ಪಟ್ಟಿ ಮದುಮಗಳ ಬಳಿಯೇ ಇರಬೇಕು. ಪಟ್ಟಿ ಬರೆದ ಮಾತ್ರಕ್ಕೆ ಕೇಳಿ ಪಡೆದ ವರದಕ್ಷಿಣೆ ಸಕ್ರಮವಾಗುವುದಿಲ್ಲ, ಅದನ್ನು ನೆನಪಿಡಿ. ಹೆಂಗಸರು ಸುಳ್ಳು ಕೇಸು ಹಾಕುತ್ತಾರೆ ಎಂದು ದೂರುವವರೂ ಇದ್ದಾರಲ್ಲ, ಅವರಿಗೂ ಇದೇ ಉತ್ತರ. ಇಬ್ಬರೂ ಸಹಿ ಮಾಡಿದ ಪಟ್ಟಿ ಪ್ರಾಮಾಣಿಕನಾದ ಗಂಡನನ್ನೂ ಕಾಪಾಡುತ್ತದೆ.

ಮೂರನೆಯದಾಗಿ, ಬಿಲ್ಲು, ಫೋಟೊ, ಪಟ್ಟಿಯ ಒಂದು ಪ್ರತಿ ತವರಿನಲ್ಲಿ ಇರಲಿ. ಲಾಕರು, ಪಾಸ್‌ಬುಕ್ಕು ಅವಳ ಹೆಸರಿನಲ್ಲಿರಲಿ, ಕೀಲಿ ಅವಳ ಕೈಯಲ್ಲಿರಲಿ.

ನಾಲ್ಕನೆಯದಾಗಿ, ಸಂಘದ ನಿರ್ಣಯ ಪುಸ್ತಕದಲ್ಲಿ ಎರಡು ಸಾಲು ಬರೆಯಿರಿ. ವರದಕ್ಷಿಣೆಗೆ ನಮ್ಮ ಸಂಘದಿಂದ ಸಾಲವಿಲ್ಲ. ಸಾಲದ ಹಣ ಯಾರ ಕೈಗೆ ಹೋಯಿತು, ಯಾವುದಕ್ಕೆ ಖರ್ಚಾಯಿತು ಎಂದು ಮುಂದಿನ ಸಭೆಯಲ್ಲಿ ಸದಸ್ಯೆ ಹೇಳಬೇಕು. ಹೇಳಲು ಅವಳು ಹೆದರಿದರೆ ಅವಳನ್ನು ಎಲ್ಲರೆದುರು ಗದರಬೇಡಿ, ಸಭೆ ಮುಗಿದ ಮೇಲೆ ಇಬ್ಬರು ಅವಳ ಜೊತೆ ನಡೆದುಕೊಂಡು ಹೋಗಿ. ಸತತ ಎರಡು ವಾರ ಸಭೆಗೆ ಬಾರದ ಸದಸ್ಯೆಯ ಮನೆಗೆ ಕಂತು ಕೇಳಲು ಹೋಗುವ ಮುಂಚೆ ‘ಹೇಗಿದ್ದಿ?’ ಎಂದು ಕೇಳಲು ಹೋಗಿ. ಮೈಮೇಲಿನ ಬಾಸುಂಡೆ ಮೊದಲು ಕಾಣುವುದು ನೆರೆಯವರ ಕಣ್ಣಿಗೆ.

ಐದನೆಯದಾಗಿ, ತೊಂದರೆಯಾದಾಗ ಎಲ್ಲಿಗೆ ಹೋಗಬೇಕೆಂಬುದು ಬಾಯಿಪಾಠ ಇರಲಿ. ಮಹಿಳಾ ಸಹಾಯವಾಣಿ 181. ಜೀವಕ್ಕೆ ಅಪಾಯವಿದ್ದರೆ 112. ಕೌಟುಂಬಿಕ ದೌರ್ಜನ್ಯ ಕಾಯಿದೆಯಡಿ ದೂರು ಕೊಡಲು ಸಂರಕ್ಷಣಾಧಿಕಾರಿ ಇದ್ದಾರೆ, ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಆ ಹೊಣೆ ಇದೆ. ಅಂಗನವಾಡಿ ಟೀಚರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಹಿಂಜರಿಯಬೇಡಿ. ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಎಲ್ಲ ಹೆಂಗಸರಿಗೂ ಉಚಿತ ವಕೀಲರ ನೆರವಿದೆ, ಆದಾಯ ಎಷ್ಟೆಂದು ನೋಡುವುದಿಲ್ಲ.

ಅಕ್ಕತಂಗಿಯರೇ, ಗಂಟು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮದುವೆಯೂ ಗಂಟೇ, ಮಾತು ಕೊಡುವುದೂ ಗಂಟೇ, ನಮ್ಮ ಸಂಘವೂ ಹತ್ತು ಹದಿನೈದು ಹೆಂಗಸರು ಸೇರಿ ಹಾಕಿಕೊಂಡ ಗಂಟೇ. ಇಬ್ಬರಿಗೂ ಒಂದೇ ಹದದಲ್ಲಿ ಬಿಗಿಯಾಗಿರುವ ಗಂಟು ಬದುಕನ್ನು ಹಿಡಿದು ನಿಲ್ಲಿಸುತ್ತದೆ. ಒಬ್ಬರಿಗೆ ಮಾತ್ರ ಬಿಗಿಯುವ ಗಂಟು ಕುಣಿಕೆ. ಆದ್ದರಿಂದ ಮನೆಯಲ್ಲಾಗಲಿ, ಮಾತುಕತೆಯ ಚಾವಡಿಯಲ್ಲಾಗಲಿ, ಸಂಘದ ಸಭೆಯಲ್ಲಾಗಲಿ ಒಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಇದು ಬಿಗಿ ಯಾರಿಗೆ, ಸಡಿಲ ಯಾರಿಗೆ, ತುದಿ ಯಾರ ಕೈಯಲ್ಲಿದೆ? ಉತ್ತರ ಸಿಗುವವರೆಗೆ ಪೆನ್ಸಿಲ್ ಊರಬೇಡಿ, ಸಹಿಯನ್ನೂ ಹಾಕಬೇಡಿ.

 ಈಗ ನಿರ್ಣಯ ಪುಸ್ತಕ ತೆಗೆಯಿರಿ. ಆ ಎರಡು ಸಾಲುಗಳನ್ನು ಇಂದೇ ಬರೆದುಬಿಡೋಣ.